ಮುಚ್ಚಿದ ಬಾಗಿಲ ಹಿಂದಿನ ಬೆಂಕಿ

(ಭಾನುವಾರ ಆರಾಧನೆಯ ನಂತರ ಎಸ್ಟೇಟ್ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಮಾತಾಡಲು ಕರೆದಾಗ ಹಿರಿಯರು, "ಬೆಂಕಿಯ ವಿಷಯ ನಿನಗೆ ತಿಳಿದಷ್ಟು ನಮ್ಮಲ್ಲಿ ಯಾರಿಗೂ ತಿಳಿಯದು, ಬಂದು ನಾಲ್ಕು ಮಾತು ಹೇಳು" ಎಂದರು. ಅದು ಅರ್ಧ ನಿಜ. ಟೀ ಫ್ಯಾಕ್ಟರಿಯ ಡ್ರೈಯರ್ ಒಲೆಗೆ ಇಪ್ಪತ್ತಾರು ವರುಷ ಸೌದೆ ಹಾಕಿದವನು ನಾನು. ಉಳಿದ ಅರ್ಧ ನಿಜವಲ್ಲ ಎಂಬುದನ್ನು ಮೇಲಿನ ಲೈನಿನವರು ಬಲ್ಲರು. ಅದನ್ನೂ ಈ ದಿನ ಮುಚ್ಚಿಡದೆ ಹೇಳುತ್ತೇನೆ. ಆದರೆ ಮೊದಲು ಒಲೆಯ ಸಂಗತಿ.

ಫ್ಯಾಕ್ಟರಿಯ ಒಲೆಗೆ ಮೂರು ಕಡೆ ದಾರಿ ಉಂಟು. ಸೌದೆ ಹಾಕುವ ದೊಡ್ಡ ಕಬ್ಬಿಣದ ಬಾಯಿ ಒಂದು. ಅದರ ಕೆಳಗೆ ಬೂದಿ ಬೀಳುವ ಚಿಕ್ಕ ಬಾಗಿಲು, ಗಾಳಿ ಒಳಹೋಗುವುದು ಅಲ್ಲಿಂದ. ಮೇಲೆ ಚಿಮಣಿಯಲ್ಲಿ ಎಳೆದು ತಳ್ಳುವ ತಗಡು, ಅದನ್ನು ನಾವು ಡ್ಯಾಂಪರ್ ಎನ್ನುತ್ತೇವೆ. ಹೊಸಬನು ಬೆಂಕಿ ಹೆಚ್ಚಿಸಬೇಕೆಂದರೆ ಸೌದೆ ತುರುಕುತ್ತಾನೆ. ಹಳಬನು ಹಾಗೆ ಮಾಡುವುದಿಲ್ಲ. ಬೂದಿಬಾಗಿಲನ್ನು ಎರಡು ಬೆರಳು ತೆರೆಯುತ್ತಾನೆ. ಬಿಸಿ ಹೆಚ್ಚಾಯಿತೆಂದರೆ ಒಂದು ಬೆರಳು ಮುಚ್ಚುತ್ತಾನೆ. ಒಳಗೆ ಸೌದೆ ಎಷ್ಟೇ ಇರಲಿ, ಎಷ್ಟು ಉರಿಯಬೇಕೆಂಬುದನ್ನು ನಿಶ್ಚಯಿಸುವುದು ಆ ಕಿಂಡಿ. ಅರೆಯುವ ಕಡೆಯವರಿಗೂ ಸೋಸುವ ಕಡೆಯವರಿಗೂ ಈ ಮಾತು ಹೊಸದಿರಬಹುದು, ಒಲೆಯ ಕಡೆಯವರಿಗೆ ಇದು ದಿನದ ಅನ್ನ.

ಕೆಲಸಕ್ಕೆ ಸೇರಿದ ಮೊದಲ ವರುಷ ಒಂದು ದಿನ ಹಸಿ ನೀಲಗಿರಿ ಸೌದೆಯನ್ನು ಒಲೆ ತುಂಬ ಹಾಕಿ, ಬೂದಿಬಾಗಿಲನ್ನೂ ಡ್ಯಾಂಪರನ್ನೂ ಮುಚ್ಚಿ, ಚಹಾ ಕುಡಿಯಲು ಹೋದೆ. ತಿರುಗಿ ಬಂದು ನೋಡಿದರೆ ಒಳಗೆ ಕತ್ತಲು. ಜ್ವಾಲೆ ಇಲ್ಲ, ಸದ್ದಿಲ್ಲ. ಬೆಂಕಿ ಸತ್ತಿತು, ಮೇಸ್ತ್ರಿ ಬೈಯುತ್ತಾರೆ ಎಂದು ಹೆದರಿ ಬಾಯಿಯ ಚಿಲಕವನ್ನು ಪೂರ್ತಿ ಎಳೆದೆ. ಹಿರಿಯ ಫೈರ್‌ಮನ್ ಒಬ್ಬರು ಹಿಂದಿನಿಂದ ನನ್ನ ಅಂಗಿ ಹಿಡಿದು ಎಳೆಯದಿದ್ದರೆ ನಾನು ಇಲ್ಲಿ ನಿಂತಿರುತ್ತಿರಲಿಲ್ಲ. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಆಳುದ್ದ ನಾಲಿಗೆ ಹೊರಗೆ ಬಂತು. ಹುಬ್ಬು ಸುಟ್ಟಿತು, ಕೈಯ ಕೂದಲು ಸುಟ್ಟಿತು. ಅವರು ನನ್ನನ್ನು ಬೈಯಲಿಲ್ಲ. "ಸತ್ತ ಬೆಂಕಿ ಬಿಸಿಯಾಗಿರುವುದಿಲ್ಲ ತಮ್ಮಾ, ಬಾಗಿಲನ್ನು ಮುಟ್ಟಿ ನೋಡಿದೆಯಾ?" ಎಂದರು. ಮೊದಲು ಡ್ಯಾಂಪರ್ ಎಳೆ, ಆಮೇಲೆ ಬೂದಿಬಾಗಿಲು, ಸ್ವಲ್ಪ ತಾಳು, ಅನಂತರ ಬಾಯನ್ನು ಒಂದು ಬೆರಳು ಮಾತ್ರ ತೆರೆ, ಅದೂ ಬದಿಗೆ ನಿಂತು. ಇದು ಅವರು ಕಲಿಸಿದ ಪಾಠ. ನಿವೃತ್ತಿಯ ತನಕ ನಾನು ಅದನ್ನು ತಪ್ಪಲಿಲ್ಲ.

ಅದು ಯಾಕೆ ಹಾಗಾಗುತ್ತದೆ? ಮನೆಯಲ್ಲಿ ಮೊಂಬತ್ತಿ ಇದ್ದೇ ಇರುತ್ತದೆ, ಕರೆಂಟು ಹೋಗುವ ನಮ್ಮ ಕಡೆ ಅದಿಲ್ಲದ ಮನೆ ಇಲ್ಲ. ಮೊಂಬತ್ತಿಯನ್ನು ಊದಿ ಆರಿಸಿರಿ. ಬತ್ತಿಯಿಂದ ಬಿಳಿ ಹೊಗೆಯ ಎಳೆಯೊಂದು ಏಳುತ್ತದೆ. ಉರಿಯುವ ಕಡ್ಡಿಯನ್ನು ಬತ್ತಿಗೆ ಮುಟ್ಟಿಸದೆ ಆ ಹೊಗೆಗೆ ಹಿಡಿಯಿರಿ. ಜ್ವಾಲೆ ಹೊಗೆಯ ದಾರಿಯಲ್ಲೇ ಇಳಿದು ಬಂದು ಬತ್ತಿಯನ್ನು ಹೊತ್ತಿಸುತ್ತದೆ. ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿ ಲಂಡನಿನಲ್ಲಿ ಕ್ರಿಸ್ಮಸ್ ರಜೆಯ ಉಪನ್ಯಾಸಗಳಲ್ಲಿ ಮಕ್ಕಳಿಗೆ ಇದನ್ನು ಮಾಡಿ ತೋರಿಸಿದ್ದರು. ಮಕ್ಕಳೇ, ದೊಡ್ಡವರು ಹತ್ತಿರ ಇರುವಾಗ ಮಾತ್ರ ಮಾಡಿರಿ. ಇದರಿಂದ ತಿಳಿಯುವುದೇನೆಂದರೆ, ಸೌದೆ ಕಾದಾಗ ಬಿಡುವ ಹೊಗೆಯೇ ಜ್ವಾಲೆಗೆ ಆಹಾರ. ಗಾಳಿ ಸಾಕಷ್ಟಿದ್ದರೆ ಹೊಗೆ ಅಲ್ಲಿಯೇ ಉರಿದುಹೋಗುತ್ತದೆ. ಗಾಳಿ ಸಾಲದಾದರೆ ಉರಿಯದ ಹೊಗೆ, ಬಿಸಿಯಾಗಿ, ಹಸಿದು, ಕೋಣೆಯಲ್ಲಿ ತುಂಬಿ ನಿಲ್ಲುತ್ತದೆ. ಯಾರಾದರೂ ಬಾಗಿಲು ತೆರೆದರೆ ತಣ್ಣನೆಯ ಗಾಳಿ ನೆಲದ ಮೇಲೆ ಹರಿದು ಒಳಗೆ ಹೋಗುತ್ತದೆ, ಹೊಗೆಯೊಡನೆ ಬೆರೆಯುತ್ತದೆ, ಕೆಂಡವನ್ನು ಮುಟ್ಟುತ್ತದೆ. ಆ ಮೇಲೆ ಬೆಂಕಿ ಹೊರಗೆ ಬರುವುದು ಬಾಗಿಲು ತೆರೆದವನ ಕಡೆಗೇ.

ಒಲೆಯಲ್ಲಿ ಆಗುವುದು ಮನೆಯಲ್ಲೂ ಆಗುತ್ತದೆ ಎಂಬುದಕ್ಕೆ ಒಂದು ನಡೆದ ಸಂಗತಿ ಹೇಳುತ್ತೇನೆ. 1994ನೇ ಇಸವಿ ಮಾರ್ಚ್ 28ರ ಸಂಜೆ, ಅಮೆರಿಕದ ನ್ಯೂಯಾರ್ಕ್ ನಗರ, ವಾಟ್ಸ್ ಸ್ಟ್ರೀಟ್ ಎಂಬ ಬೀದಿ. ಮೂರು ಅಂತಸ್ತಿನ ಮನೆಯ ಕೆಳಗಿನ ಮನೆಯಾತ ಹೊರಗೆ ಹೋಗುವಾಗ ಕಸ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಗ್ಯಾಸ್ ಒಲೆಯ ಮೇಲಿಟ್ಟು ಹೋದ. ಒಲೆಯಲ್ಲಿ ಸದಾ ಉರಿಯುವ ಸಣ್ಣ ಜ್ವಾಲೆಯಿಂದ ಚೀಲ ಹೊತ್ತಿಕೊಂಡಿತು. ಚಳಿ ನುಗ್ಗದ ಹಾಗೆ ಬಹಳ ಬಿಗಿಯಾಗಿ ಮುಚ್ಚಿ ಕಟ್ಟಿದ ಮನೆ ಅದು. ಬೆಂಕಿ ಒಳಗಿನ ಗಾಳಿಯನ್ನು ತಿಂದು ಮುಗಿಸಿ, ಸುಮಾರು ಒಂದು ಗಂಟೆಯ ಕಾಲ ಉಸಿರುಗಟ್ಟಿ ಹೊಗೆಯಾಡುತ್ತಿತ್ತು. ಅಗ್ನಿಶಾಮಕ ದಳದವರು ಬಂದರು. ಬಲ್ಲವರೇ, ಪಳಗಿದವರೇ. ಕೆಲವರು ಕೆಳಗಿನ ಬಾಗಿಲನ್ನು ಒಡೆದರು, ಮೂವರು ಮೆಟ್ಟಿಲ ಮೇಲೆ ಮೇಲಿನ ಮನೆಯ ಹತ್ತಿರ ನಿಂತಿದ್ದರು. ಬಾಗಿಲು ತೆರೆದೊಡನೆ ಒಳಗಿನಿಂದ ಬಿಸಿಗಾಳಿ ಹೊರಬಂತು, ಹಿಂದೆಯೇ ಜ್ವಾಲೆ. ಕೆಳಗಿದ್ದವರು ಬಗ್ಗಿ ಹಿಂದಕ್ಕೆ ಸರಿದು ಉಳಿದುಕೊಂಡರು. ಮೆಟ್ಟಿಲು ಚಿಮಣಿಯ ಹಾಗೆ ಎಳೆಯಿತು. ಆರೂವರೆ ನಿಮಿಷ ಆ ಜ್ವಾಲೆ ಮೆಟ್ಟಿಲ ದಾರಿಯಲ್ಲಿ ನಿಲ್ಲದೆ ಉರಿಯಿತು. ಮೇಲಿದ್ದ ಮೂವರೂ ಬದುಕಲಿಲ್ಲ. ಅಷ್ಟು ಹೊತ್ತು ಹೇಗೆ ಉರಿಯಿತೆಂದು ಆಮೇಲೆ ಅಲ್ಲಿನ ಸರಕಾರಿ ಪ್ರಯೋಗಾಲಯದವರು ಲೆಕ್ಕಹಾಕಿ ನೋಡಿದರು. ಕಾರಣ ಇದೇ: ಒಂದು ಗಂಟೆಯ ಕಾಲ ಉರಿಯದೆ ಕೂಡಿಕೊಂಡ ಹೊಗೆ.

ಈಗ ಸ್ವಲ್ಪ ಲೆಕ್ಕ. ನಿದ್ದೆ ಮಾಡಬೇಡಿರಿ, ಬೇಗ ಮುಗಿಸುತ್ತೇನೆ.

ನಮ್ಮ ಲೈನಿನ ಒಂದು ಕೋಣೆ ಹತ್ತಡಿ ಹನ್ನೆರಡಡಿ, ಎತ್ತರ ಒಂಬತ್ತಡಿ ಎಂದಿಟ್ಟುಕೊಳ್ಳೋಣ. ಅದರಲ್ಲಿರುವ ಗಾಳಿಯ ತೂಕ ಸುಮಾರು ಮೂವತ್ತಾರು ಕಿಲೋ. ಗಾಳಿಗೆ ತೂಕವೇ ಎಂದು ನಗಬೇಡಿರಿ, ಉಂಟು. ಆ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಅದು 15ರ ಹತ್ತಿರಕ್ಕೆ ಇಳಿದರೆ ಜ್ವಾಲೆ ನಿಲ್ಲಲಾರದು, ಆದರೆ ಕೆಂಡ ಸಾಯುವುದಿಲ್ಲ. ಒಂದು ಕಿಲೋ ಸೌದೆ ಉರಿಯಲು ಐದಾರು ಕಿಲೋ ಗಾಳಿ ಬೇಕು. ಲೆಕ್ಕ ಮಾಡಿದರೆ, ಎಲ್ಲ ಕಡೆಯೂ ಚೆನ್ನಾಗಿ ಮುಚ್ಚಿದ ಆ ಕೋಣೆಯಲ್ಲಿ ಜ್ವಾಲೆಯಾಗಿ ಉರಿಯಬಹುದಾದ ಸೌದೆ ಹೆಚ್ಚೆಂದರೆ ಎರಡು ಕಿಲೋ. ಒಳಗೆ ಎರಡು ಹೊರೆ ಒಟ್ಟಿದ್ದರೂ ಅಷ್ಟೇ.

ಬಾಗಿಲು ತೆರೆದರೆ? ಟೋಕಿಯೋದ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ ಕುನಿಯೊ ಕವಗೋಯೆ ಎಂಬವರು ಕೋಣೆಗಳೊಳಗೆ ಸೌದೆ ಹಾಕಿ ಸುಟ್ಟು, ತೂಗಿ, ಅಳೆದು ನೋಡಿದರು. 1958ರಲ್ಲಿ ಅವರು ಬರೆದ ವರದಿಯ ಲೆಕ್ಕವನ್ನು ಬೆಂಕಿಯ ಶಾಸ್ತ್ರ ಓದುವವರು ಇಂದಿಗೂ ಬಳಸುತ್ತಾರೆ. ಕೋಣೆ ತುಂಬ ಹೊತ್ತಿಕೊಂಡ ಮೇಲೆ ನಿಮಿಷಕ್ಕೆ ಎಷ್ಟು ಸೌದೆ ಉರಿಯುತ್ತದೆ ಎಂಬುದು ಸೌದೆಯ ರಾಶಿಗಿಂತ ಹೆಚ್ಚಾಗಿ ಕಿಂಡಿಯ ಅಗಲ ಎತ್ತರಗಳನ್ನು ಹಿಡಿದುಕೊಂಡಿದೆ ಎಂದು ಅವರು ಕಂಡರು. ಎರಡಡಿ ಚೌಕದ ನಮ್ಮ ಕಿಟಕಿ ತೆರೆದಿದ್ದರೆ ನಿಮಿಷಕ್ಕೆ ಸುಮಾರು ಒಂದೂವರೆ ಕಿಲೋ. ಮೂರಡಿ ಅಗಲ, ಆರೂವರೆ ಅಡಿ ಎತ್ತರದ ಬಾಗಿಲು ತೆರೆದಿದ್ದರೆ ನಿಮಿಷಕ್ಕೆ ಸುಮಾರು ಹದಿನಾಲ್ಕು ಕಿಲೋ. ಮುಚ್ಚಿದ ಕೋಣೆಗೆ ಒಟ್ಟು ಎರಡು ಕಿಲೋ, ತೆರೆದ ಬಾಗಿಲಿಗೆ ಒಂದೊಂದು ನಿಮಿಷಕ್ಕೆ ಹದಿನಾಲ್ಕು. ನಮ್ಮ ಅಕ್ಕಂದಿರು ತಲೆಯ ಮೇಲೆ ಹೊತ್ತು ತರುವ ಒಂದು ಹೊರೆ ಎರಡು ನಿಮಿಷ ಬಾರದು.

ಅಗಲಕ್ಕಿಂತ ಎತ್ತರ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನೂ ನೋಡಿರಿ. ಒಂದೇ ಬಾಗಿಲಿನ ಮೇಲರ್ಧದಿಂದ ಬಿಸಿ ಹೊಗೆ ಹೊರಗೆ ಹೋಗುತ್ತದೆ, ಕೆಳಗರ್ಧದಿಂದ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಒಲೆ ಉರಿಯುವಾಗ ಅಡಿಗೆಕೋಣೆಯ ಬಾಗಿಲಲ್ಲಿ ಒಂದು ಊದುಬತ್ತಿ ಹಿಡಿದರೆ ನಿಮಗೇ ಕಾಣುತ್ತದೆ. ಹೊಸ್ತಿಲ ಹತ್ತಿರ ಅದರ ಹೊಗೆ ಒಳಕ್ಕೆ ಬಾಗುತ್ತದೆ, ಮೇಲೆ ಹಿಡಿದರೆ ಹೊರಕ್ಕೆ.

ಇನ್ನು ಮೇಲಿನ ಲೈನಿನ ಮಾತು.

2018ರ ಆಷಾಢದ ಮಳೆಯಲ್ಲಿ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಸಾಲಿನ ಮೂರನೇ ಮನೆಯ ಸೂರಿನಿಂದ ಹೊಗೆ ಬರುತ್ತಿತ್ತು. ಮನೆಯವರೆಲ್ಲ ಕೊಳುಂದು ಕೀಳಲು ಹೋಗಿದ್ದರು. ಹೊರಗಡೆ ಬೀಗ. ಒಳಗೆ ಯಾರೂ ಇಲ್ಲ ಎಂದು ಪಕ್ಕದವರು ಖಂಡಿತವಾಗಿ ಹೇಳಿದರು. ಮಳೆಗಾಲದಲ್ಲಿ ನಾವೆಲ್ಲರೂ ಮಾಡುವಂತೆ ಅವರೂ ಹಗ್ಗದ ಮೇಲೆ ಒದ್ದೆ ಬಟ್ಟೆ ಹರವಿ, ಕೆಳಗೆ ಹಳೆಯ ಬಾಣಲೆಯಲ್ಲಿ ಕೆಂಡ ಇಟ್ಟು ಹೋಗಿದ್ದರು. ಬಟ್ಟೆ ಜಾರಿ ಬಿದ್ದಿರಬೇಕು. ನಾನು ಹೋದಾಗ ಜ್ವಾಲೆ ಕಾಣಲಿಲ್ಲ. ಕಿಟಕಿಯ ಗಾಜು ಒಳಗಿನಿಂದ ಎಣ್ಣೆ ಬಳಿದ ಹಾಗೆ ಕಪ್ಪಾಗಿತ್ತು. ಬಾಗಿಲ ಸಂದಿನಲ್ಲಿ ಹೊಗೆ ಒಮ್ಮೆ ಹೊರಗೆ ಬರುವುದು, ಒಮ್ಮೆ ಒಳಕ್ಕೆ ಎಳೆದುಕೊಳ್ಳುವುದು, ನಿದ್ದೆ ಮಾಡುವವನ ಉಸಿರಿನಂತೆ. ಇದೆಲ್ಲವನ್ನೂ ನಾನು ನೋಡಿದೆ. ಒಲೆಯ ಮುಂದೆ ನಿಂತಿದ್ದರೆ ಇದರ ಅರ್ಥ ನನಗೆ ತಿಳಿಯುತ್ತಿತ್ತು. ಲೈನಿನ ಮುಂದೆ ನಿಂತವನಿಗೆ ತಿಳಿಯಲಿಲ್ಲ. "ನೀರು ಹಾಕಲು ದಾರಿ ಬೇಕು, ಕಿಟಕಿ ಒಡೆಯಿರಿ" ಎಂದು ಎಲ್ಲರೂ ಕೂಗುತ್ತಿದ್ದರು. ಹಾರೆ ತೆಗೆದುಕೊಂಡು ಕಿಟಕಿ ಒಡೆದವನು ನಾನೇ. ಹಾಕಲು ನಮ್ಮ ಕೈಯಲ್ಲಿದ್ದದ್ದು ಮೂರು ಕೊಡ ನೀರು.

ಎರಡು ಮೂರು ಉಸಿರು ತೆಗೆಯುವಷ್ಟರಲ್ಲಿ ಒಳಗೆ ಧಗ್ಗೆಂದಿತು. ಆ ಮೇಲೆ ಆದದ್ದು ನಿಮಗೆ ಗೊತ್ತು. ಮನೆ ಮನೆಯ ನಡುವಿನ ಗೋಡೆ ಮಾಡಿನ ತನಕ ಹೋಗಿರಲಿಲ್ಲ, ಮೇಲೆ ಎರಡಡಿ ಬಯಲು. ಬೆಂಕಿ ಗೋಡೆಯ ಮೇಲಿಂದಲೇ ಆಚೆ ಮನೆಗೂ ಈಚೆ ಮನೆಗೂ ದಾಟಿತು. ಜೀವ ಹೋಗಲಿಲ್ಲ. ಮೂರು ಮನೆ ಹೋಯಿತು. ರೇಷನ್ ಕಾರ್ಡು, ಪಿ.ಎಫ್. ಕಾಗದ, ಒಬ್ಬ ತಂಗಿ ಚೀಟಿ ಕಟ್ಟಿ ಕೊಂಡ ಹೊಲಿಗೆ ಯಂತ್ರ, ಹತ್ತನೇ ತರಗತಿ ಹುಡುಗನ ಪುಸ್ತಕಗಳು. ನಾನು ಕಿಟಕಿ ಮುಟ್ಟದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಹೇಳಲಾರೆ. ಗೋಡೆಯ ಮೇಲಿನ ಬಯಲಿನಿಂದ ಅದಕ್ಕೆ ಅಕ್ಕಪಕ್ಕದ ಗಾಳಿ ಸ್ವಲ್ಪ ಸ್ವಲ್ಪ ಸಿಗುತ್ತಲೇ ಇತ್ತು. ಆದರೆ ಎರಡೂ ಪಕ್ಕದ ಮನೆಗಳ ಸಾಮಾನು ಹೊರಗೆ ತರುವಷ್ಟು ಹೊತ್ತು, ಕೆಳಗಿನ ಟ್ಯಾಂಕಿನಿಂದ ಪೈಪು ಎಳೆಯುವಷ್ಟು ಹೊತ್ತು ನಮಗೆ ಇತ್ತು. ಆ ಹೊತ್ತನ್ನು ನಾನು ಒಡೆದೆ. ಆ ಮೂರು ಮನೆಯವರೂ ಈ ದಿನ ಇಲ್ಲಿ ಕುಳಿತಿದ್ದಾರೆ. ಒಂದು ದಿನವೂ ನನ್ನನ್ನು ದೂರಲಿಲ್ಲ. ಅದಕ್ಕೇ ಹೇಳದೆ ಇರಲು ನನ್ನಿಂದಾಗಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮನೆಯಲ್ಲಿ ಯಾರೂ ಇಲ್ಲವೆಂದು ಖಂಡಿತವಾಗಿದ್ದರೆ ಬಾಗಿಲು ಕಿಟಕಿ ಮುಟ್ಟಬೇಡಿರಿ. ಮೊದಲು ಇಡೀ ಸಾಲಿನವರನ್ನು ಹೊರಗೆ ಕರೆಯಿರಿ, ಮಲಗಿರುವ ರೋಗಿಗಳನ್ನೂ ತೊಟ್ಟಿಲ ಮಕ್ಕಳನ್ನೂ ಮೊದಲು. ಒಬ್ಬರು 101ಕ್ಕಾಗಲಿ 112ಕ್ಕಾಗಲಿ ಫೋನ್ ಮಾಡಲಿ. ಕರೆಂಟಿನ ಮೇನ್ ಆಫ್ ಮಾಡಿಸಿರಿ. ನೀರು ಬಂದು, ಸುರಿಯಲು ಜನ ಸಿದ್ಧವಾಗಿ ನಿಂತ ಮೇಲಲ್ಲದೆ ದಾರಿ ತೆರೆಯಬಾರದು. ತೆರೆಯುವುದನ್ನೂ ದಳದವರು ಬಂದರೆ ಅವರಿಗೇ ಬಿಡಿರಿ.

ಒಳಗೆ ಮಗು ಇದೆಯೆಂದಾದರೆ ಈ ಮಾತು ಯಾರೂ ಕೇಳುವುದಿಲ್ಲ. ನಾನೂ ಕೇಳುವವನಲ್ಲ. ಆಗ ಮಾಡುವುದನ್ನು ತಿಳಿದು ಮಾಡೋಣ. ಅಂಗೈಯಿಂದ ಅಲ್ಲ, ಕೈಯ ಹಿಂಭಾಗದಿಂದ ಬಾಗಿಲನ್ನು ಮುಟ್ಟಿ ನೋಡಿ. ಬದಿಗೆ ಬಗ್ಗಿ ನಿಂತು ಸ್ವಲ್ಪವೇ ತೆರೆಯಿರಿ. ಗಾಳಿ ಬಲವಾಗಿ ಒಳಕ್ಕೆ ಎಳೆದರೆ ಕೂಡಲೇ ಮುಚ್ಚಿ, ಮಗು ಇರುವ ಬೇರೆ ಬದಿಯ ಕಿಟಕಿಗೆ ಹೋಗಿರಿ. ಹೋಗಲು ಆಗುವಂತಿದ್ದರೆ ನೆಲದ ಮೇಲೆ ಹರಿದು ಹೋಗಿರಿ, ಒಳ್ಳೆಯ ಗಾಳಿ ಇರುವುದು ನೆಲದ ಹತ್ತಿರ. ಹೊರಗೆ ಬಂದೊಡನೆ ಹಿಂದಿನ ಬಾಗಿಲನ್ನು ಎಳೆದುಕೊಳ್ಳಿರಿ. ಗಾಬರಿಯಲ್ಲಿ ಎಲ್ಲರೂ ಮರೆಯುವುದು ಇದೊಂದನ್ನು.

ಒಳಗೇ ಸಿಕ್ಕಿಬಿದ್ದವರಿಗೂ ಬಾಗಿಲೇ ಆಸರೆ. ಬೆಂಕಿ ಅಡಿಗೆಕೋಣೆಯಲ್ಲಿದ್ದು ಹೊರದಾರಿ ಆ ಕಡೆಯೇ ಇದ್ದರೆ, ಮಲಗುವ ಕೋಣೆಯ ಬಾಗಿಲು ಮುಚ್ಚಿ, ಸಂದಿಗೆ ಕಂಬಳಿಯನ್ನೋ ಒದ್ದೆ ಬಟ್ಟೆಯನ್ನೋ ತುರುಕಿ, ಕಿಟಕಿಯಿಂದ ಕೂಗಿರಿ. ಅಮೆರಿಕದಲ್ಲಿ ಪರೀಕ್ಷೆಗೆಂದೇ ಮನೆ ಕಟ್ಟಿ ಸುಟ್ಟು ನೋಡಿದವರು, ಬಾಗಿಲು ಮುಚ್ಚಿದ ಮಲಗುವ ಕೋಣೆಯಲ್ಲಿ ಮನುಷ್ಯ ಬದುಕಿರುವಷ್ಟು ಗಾಳಿ ಉಳಿದಿರುವಾಗ ಬಾಗಿಲು ತೆರೆದ ಪಕ್ಕದ ಕೋಣೆಯಲ್ಲಿ ಉಳಿಯದಿರುವುದನ್ನು ಕಂಡಿದ್ದಾರೆ. ಸಾಧಾರಣ ಮರದ ಬಾಗಿಲೇ. ಆದಕಾರಣ ರಾತ್ರಿ ಮಲಗುವ ಮುಂಚೆ ಅಡಿಗೆಕೋಣೆಯ ಬಾಗಿಲು ಎಳೆದುಕೊಳ್ಳುವ ಅಭ್ಯಾಸ ಒಳ್ಳೆಯದು. ಬಾಗಿಲೇ ಇಲ್ಲದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ, ಬಲ್ಲೆ. ಪರದೆ ಹೊಗೆಯನ್ನು ತಡೆಯುವುದಿಲ್ಲ.

ಒಂದು ಎಚ್ಚರಿಕೆ. ಗ್ಯಾಸ್ ಸಿಲಿಂಡರ್ ಸೋರುವ ವಾಸನೆ ಬಂದರೆ, ಇನ್ನೂ ಬೆಂಕಿ ಹೊತ್ತಿಲ್ಲದಿದ್ದರೆ, ಅದು ಬೇರೆ ವಿಷಯ. ಆಗ ಬಾಗಿಲು ಕಿಟಕಿ ಎಲ್ಲ ತೆರೆಯಬೇಕು, ಸ್ವಿಚ್ ಮುಟ್ಟಬಾರದು, ಕಡ್ಡಿ ಗೀರಬಾರದು. ಆ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿರುತ್ತದೆ. ಇವೆರಡನ್ನೂ ಕಲಸಿಕೊಳ್ಳಬೇಡಿರಿ.

"ಮಾಡಿನ ಹಂಚು ಎರಡು ತೆಗೆದರೆ ಹೊಗೆ ಮೇಲಕ್ಕೆ ಹೋಗುವುದಲ್ಲವೇ?" ಎಂದು ಒಬ್ಬ ತಮ್ಮ ಮೊನ್ನೆ ಕೇಳಿದ. ಹೋಗುತ್ತದೆ. ಮೇಲಿನ ಕಿಂಡಿ ಹೊಗೆಗೆ ದಾರಿ, ಅದನ್ನು ಕಟ್ಟುವಾಗಲೇ ಸರಿಯಾಗಿ ಇಟ್ಟಿರಬೇಕು. ಶಿಕಾಗೋ ನಗರದಲ್ಲಿ ಇರೊಕ್ವಾ ಎಂಬ ನಾಟಕಶಾಲೆ ಇತ್ತು, ತೆರೆದು ತಿಂಗಳು ಸ್ವಲ್ಪ ಆಗಿತ್ತು. 1903ರ ಡಿಸೆಂಬರ್ 30ರ ಮಧ್ಯಾಹ್ನ, ಕ್ರಿಸ್ಮಸ್ ರಜೆ, ತಾಯಂದಿರೂ ಮಕ್ಕಳೂ ತುಂಬಿದ್ದರು. ದೀಪದ ಕಿಡಿಯಿಂದ ರಂಗದ ಪರದೆ ಹೊತ್ತಿಕೊಂಡಿತು. ರಂಗದ ಮೇಲಿನ ಮಾಡಿನಲ್ಲಿ ಹೊಗೆ ಹೋಗಲೆಂದು ಮಾಡಿದ ಕಿಂಡಿಗಳು ಆ ದಿನ ತೆರೆಯಲಿಲ್ಲ. ನಟರು ಓಡಿಹೋಗಲು ರಂಗದ ಹಿಂದಿನ ದೊಡ್ಡ ಬಾಗಿಲು ತೆರೆದರು. ಚಳಿಗಾಲದ ಗಾಳಿ ಹಿಂದಿನಿಂದ ನುಗ್ಗಿತು, ಮೇಲೆ ದಾರಿ ಇಲ್ಲ, ಬೆಂಕಿ ಜನ ಕುಳಿತಿದ್ದ ಕಡೆಗೆ ತಿರುಗಿತು. ಹೊರಹೋಗುವ ಎಷ್ಟೋ ಬಾಗಿಲುಗಳಿಗೆ ಬೀಗ, ಎಷ್ಟಕ್ಕೋ ತೆರೆಯಲು ತಿಳಿಯದ ಚಿಲಕ. ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಉರಿಯುವಾಗ ಮಾಡು ಹತ್ತಿ ಹಂಚು ತೆಗೆಯಲು ಹೋಗಬೇಡ ತಮ್ಮಾ, ಕಾಲಡಿಯ ರೀಪು ಸುಟ್ಟಿರುತ್ತದೆ.

ಅದಕ್ಕಿಂತ ನಾವು ಈಗಲೇ ಕೇಳಬೇಕಾದದ್ದು ಆ ನಡುಗೋಡೆ. ಇಟ್ಟಿಗೆಯನ್ನು ಮಾಡಿನ ತನಕ ಎತ್ತಿಸಬೇಕು. ಆ ಬಯಲು ಇರುವ ತನಕ ಆರು ಮನೆಯ ಸಾಲು ಬೆಂಕಿಯ ಕಣ್ಣಿಗೆ ಒಂದೇ ಕೋಣೆ. ನಾನು ಹೇಳಿದ ಎರಡು ಕಿಲೋ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಎರಡನೆಯದು ಕಿಟಕಿ. ಕರಡಿ, ಚಿರತೆ, ಕಳ್ಳರ ಭಯಕ್ಕೆ ಸರಳು ಬೇಕು, ಒಪ್ಪುತ್ತೇನೆ. ಆದರೆ ಒಂದೇ ಬಾಗಿಲಿನ ಮನೆಯಲ್ಲಿ ಒಂದು ಕಿಟಕಿಯ ಸರಳಾದರೂ ಒಳಗಿನಿಂದ ಚಿಲಕ ತೆಗೆದು ತೆರೆಯುವಂತಿರಬೇಕು. ಇವೆರಡನ್ನೂ ಬರೆದು ಆಫೀಸಿಗೆ ಕೊಡುವ ಅರ್ಜಿಗೆ ಈ ದಿನ ಸಹಿ ಹಾಕಿ ಹೋಗಿರಿ. ಹೆಬ್ಬೆಟ್ಟಿನ ಶಾಯಿಯೂ ಮೇಜಿನ ಮೇಲಿದೆ.

(ಭಾಷಣದ ಕೊನೆಯಲ್ಲಿ ಕೆಳಗಿನ ಲೈನಿನ ಅಜ್ಜಿಯೊಬ್ಬರು ಎದ್ದು, "ಹಾಗಾದರೆ ಮಾರ್ಗಳಿ ಚಳಿಯಲ್ಲಿ ಎಲ್ಲ ಮುಚ್ಚಿಕೊಂಡು ಕೆಂಡದ ಬಾಣಲೆ ಇಟ್ಟುಕೊಂಡು ಮಲಗುತ್ತೇವಲ್ಲ, ಕಿಂಡಿ ಇಲ್ಲದಿದ್ದರೆ ಬೆಂಕಿ ಹರಡುವುದಿಲ್ಲ ಎಂದೆಯಲ್ಲಪ್ಪಾ, ಅದು ಒಳ್ಳೆಯದೇ ತಾನೇ?" ಎಂದು ಕೇಳಿದರು. ಅದಕ್ಕೆ ಕೊಟ್ಟ ಉತ್ತರ:)

ಅಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದಿರಿ, ನಾನೇ ಹೇಳಬೇಕಾಗಿತ್ತು. ಆ ಬಾಣಲೆ ಬೇಡ. ಗಾಳಿ ಸಾಲದ ಕೆಂಡ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಯನ್ನು ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ಹೊಗೆ ಕಾಣದ ಕೆಂಡದಲ್ಲೂ ಅದು ಉಂಟು. ರಕ್ತದಲ್ಲಿ ಆಮ್ಲಜನಕ ಹಿಡಿದುಕೊಳ್ಳುವ ಜಾಗವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಎಚ್ಚರ ಇದ್ದವರಿಗೆ ತಲೆನೋವು, ವಾಕರಿಕೆ, ಕಾಲು ಸೋಲುವುದು. ಮಲಗಿದವರಿಗೆ ಅದೂ ತಿಳಿಯದೆ ನಿದ್ದೆಯಲ್ಲೇ ಹೋಗುತ್ತಾರೆ. ಮನೆಗೆ ಬೆಂಕಿ ಹತ್ತದಿದ್ದರೂ ಮನೆಯವರು ಉಳಿಯುವುದಿಲ್ಲ. ಸಂಜೆ ಕೆಂಡ ಕಾಯಿಸಿಕೊಳ್ಳುವುದಾದರೆ ಜಗಲಿಯಲ್ಲಿ ಕಾಯಿಸಿಕೊಳ್ಳಿರಿ. ಮಲಗುವ ಮುಂಚೆ ಬಾಣಲೆ ಹೊರಗಿಟ್ಟು ನೀರು ಹಾಕಿರಿ. ಒಲೆ ಉರಿಯುವಷ್ಟು ಹೊತ್ತೂ ಒಲೆಯ ಮೇಲಿನ ಕಿಂಡಿ ತೆರೆದಿರಲಿ, ಚಳಿಗೆಂದು ಅದಕ್ಕೆ ಗೋಣಿ ತುರುಕಬೇಡಿರಿ. ನಿಮ್ಮ ಮನೆಯದಕ್ಕೆ ತುರುಕಿರುವುದನ್ನು ನಾನು ದಾರಿಯಲ್ಲಿ ಬರುವಾಗ ನೋಡಿದೆ. ನಾಳೆ ಕೆಲಸ ಮುಗಿದ ಮೇಲೆ ಏಣಿ ತೆಗೆದುಕೊಂಡು ಬಂದು ತೆಗೆದುಕೊಡುತ್ತೇನೆ.